ಡಾಕ್ಟ್ರ ಪದ್ಮಿನಿ

"ಹದಿನೆಂಟು ಸಾವಿರಕ್ಕೆ ಕಾರು ಕೊಡ್ತಾರಂತೆ ಕಣೋ" ಅಂತ ರೂಂಮೇಟ್ ಹೇಳಿದಾಗ ನಾನು ನಂಬಿರಲಿಲ್ಲ. 2016ರ ಆಗಸ್ಟು. ತುಮಕೂರಿನಲ್ಲಿ ನಾವು ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲಿದ್ದೆವು. ಹದಿನೆಂಟು ಸಾವಿರಕ್ಕೆ ಆಗ ಒಂದು ಒಳ್ಳೆ ಮೊಬೈಲು ಬರ್ತಿತ್ತು, ಅಷ್ಟೇ. ನೋಡಿ ಬರೋಣ ಅಂತ ಮೂರು ಜನ ತಿಪಟೂರಿನ ಬಸ್ಸು ಹತ್ತಿದೆವು.

ಅವರು ತಿಪಟೂರಿನ ಕಡೆಯ ಹಳ್ಳಿಯೊಂದರಲ್ಲಿ ನಲವತ್ತು ವರ್ಷ ಡಾಕ್ಟರಿಕೆ ಮಾಡಿದವರು. ಮನೆ ಹಿಂದೆ ತೆಂಗಿನಗರಿ ಒಟ್ಟಿದ್ದ ಶೆಡ್ಡು. ಗರಿ ಸರಿಸಿದರೆ ಕೆಳಗೆ ಟಾರ್ಪಾಲು, ಟಾರ್ಪಾಲಿನ ಕೆಳಗೆ ಕೆನೆಬಣ್ಣದ 1979ರ ಪ್ರೀಮಿಯರ್ ಪದ್ಮಿನಿ. ನಾಲ್ಕು ಟಯರೂ ನೆಲಕ್ಕಂಟಿದ್ದವು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು (ಸುಳ್ಳಲ್ಲ, ಎರಡು ಮೊಟ್ಟೆ). ರಿಜಿಸ್ಟ್ರೇಷನ್ 2014ಕ್ಕೇ ಮುಗಿದಿತ್ತು. ಮಕ್ಕಳಿಬ್ಬರೂ ಅಮೆರಿಕದಲ್ಲಿ. ಗುಜರಿಯವನು ತೂಕದ ಲೆಕ್ಕದಲ್ಲಿ ಹದಿನಾರು ಸಾವಿರ ಅಂದಿದ್ದನಂತೆ. "ನೀವು ಎರಡು ಸಾವಿರ ಜಾಸ್ತಿ ಕೊಡಿ. ಒಡೀಬಾರದು, ಓಡಿಸ್ಬೇಕು. ಆಗಲ್ಲ ಅಂದ್ರೆ ವಾಪಸ್ ತಂದ್ಬಿಡಿ" ಅಂದರು ಡಾಕ್ಟ್ರು. ಆಮೇಲೆ ಒಳಗೆ ಹೋಗಿ ಒಂದು ರಟ್ಟಿನ ಫೈಲು ತಂದು ಕೊಟ್ಟರು.

ನಾನು ಇದನ್ನೆಲ್ಲ ಬರೆಯೋದಕ್ಕೆ ಆ ಫೈಲೇ ಕಾರಣ. ಅದರ ಮೊದಲ ಹಾಳೆ ಕಾರು ಬುಕ್ ಮಾಡಿದ ರಸೀದಿ. ತಾರೀಖು ನೋಡಿದೆ, 1973. ಕಾರು ಬಂದದ್ದು 1979. ಏನೋ ತಪ್ಪಾಗಿದೆ ಅಂದುಕೊಂಡು ಕೇಳಿದರೆ ಡಾಕ್ಟ್ರು ನಕ್ಕರು. "ತಪ್ಪೇನಿಲ್ಲಪ್ಪ. ಮಗಳು ಹುಟ್ಟೋಕೆ ಮುಂಚೆ ಬುಕ್ ಮಾಡಿದ್ದು. ಅವಳು ಸ್ಕೂಲಿಗೆ ಸೇರಿದ ವರ್ಷ ಬಂತು."

ನಮ್ಮ ತಲೆಮಾರಿಗೆ ಇದು ಅರ್ಥವಾಗೋದು ಕಷ್ಟ. ಈಗಲೂ ಕೆಲವು ಮಾಡೆಲ್ಲಿಗೆ ಕೆಲವು ತಿಂಗಳು ಕಾಯಬೇಕಾಗುತ್ತೆ, ಅಷ್ಟಕ್ಕೇ ನಾವು ಗೊಣಗ್ತೀವಿ. ಆರು ವರ್ಷ! ಹಾಗಾದರೆ ಆ ಆರು ವರ್ಷ ಕಾರ್ಖಾನೆಯವರು ಏನು ಮಾಡ್ತಿದ್ದರು? ರಿಪೇರಿ ಮಾಡುತ್ತಾ ಮಾಡುತ್ತಾ ನನ್ನ ತಲೆಗೆ ಹತ್ತಿದ ಹುಳ ಇದು. ಇಂಜಿನ್ನಿಗಿಂತ ಜಾಸ್ತಿ ಹೊತ್ತು ಲೈಬ್ರರಿಯಲ್ಲಿ ಕಳೆದೆ ಅಂತ ಗೆಳೆಯರು ಇವತ್ತಿಗೂ ರೇಗಿಸ್ತಾರೆ.

ಉತ್ತರ ಶುರುವಾಗೋದು 1951ರಲ್ಲಿ. ಆ ವರ್ಷ ಬಂದ ಕೈಗಾರಿಕಾ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ ಪ್ರಕಾರ ಏನು ತಯಾರಿಸಬೇಕು, ಎಷ್ಟು ತಯಾರಿಸಬೇಕು ಅನ್ನೋದಕ್ಕೆ ಸರ್ಕಾರದ ಲೈಸೆನ್ಸು ಬೇಕಾಯಿತು. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿ ಬಂತು. ಹೊರಗಿನಿಂದ ಬಿಡಿಭಾಗ ತಂದು ಇಲ್ಲಿ ಬರೀ ಜೋಡಿಸಿ ಮಾರುವವರಿಗೆ ಇನ್ನು ಜಾಗವಿಲ್ಲ, ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಇರಬಹುದು ಅಂತ ತೀರ್ಮಾನವಾಯಿತು. ಅಲ್ಲಿಯವರೆಗೆ ಇಲ್ಲಿ ಕಾರು ಜೋಡಿಸುತ್ತಿದ್ದ ಫೋರ್ಡು, ಜನರಲ್ ಮೋಟರ್ಸು ಗಂಟುಮೂಟೆ ಕಟ್ಟಿದವು. ಉಳಿದವರು ಮುಖ್ಯವಾಗಿ ಮೂವರು. ಕಲ್ಕತ್ತೆಯ ಹತ್ತಿರ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್, ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್, ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್. ಇಡೀ ದೇಶಕ್ಕೆ 1970ರ ದಶಕದಲ್ಲಿ ತಯಾರಾಗುತ್ತಿದ್ದ ಕಾರುಗಳು ವರ್ಷಕ್ಕೆ ಮೂವತ್ತು ನಲವತ್ತು ಸಾವಿರದ ಆಸುಪಾಸು. ಬೇಕಾದವರು ಅದರ ಎಷ್ಟೋ ಪಟ್ಟು. ಜಾಸ್ತಿ ತಯಾರಿಸೋಣ ಅಂದರೆ ಲೈಸೆನ್ಸು, ಅದಕ್ಕೆ ಬೇಕಾದ ಯಂತ್ರ ತರಿಸೋಣ ಅಂದರೆ ವಿದೇಶಿ ವಿನಿಮಯದ ಕೊರತೆ. ಕಾರಿನ ಬೆಲೆಯನ್ನೂ ಸರ್ಕಾರವೇ ಕಟ್ಟುತ್ತಿತ್ತು. ಆ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ ತೀರ್ಪು ಬಂದಿದೆ. ಕೇಸಿನ ಹೆಸರೇ ಪ್ರೀಮಿಯರ್ ಆಟೋಮೊಬೈಲ್ಸ್ ಮತ್ತು ಭಾರತ ಸರ್ಕಾರ.

ಇದರಿಂದ ಒಂದು ವಿಚಿತ್ರ ಆಗ್ತಿತ್ತು. ಹೊಸ ಕಾರಿಗಿಂತ ಹಳೇ ಕಾರಿನ ರೇಟೇ ಜಾಸ್ತಿ! ಹೊಸದಕ್ಕೆ ಸರ್ಕಾರ ಕಟ್ಟಿದ ಬೆಲೆ, ಆದರೆ ವರ್ಷಗಟ್ಟಲೆ ಕಾಯಬೇಕು. ಹಳೇದಾದರೆ ದುಡ್ಡು ಎಸೆದು ಇವತ್ತೇ ಓಡಿಸಿಕೊಂಡು ಹೋಗಬಹುದು. ಡಾಕ್ಟ್ರಿಗೂ 1979ರಲ್ಲಿ ಶೋರೂಂ ಬಾಗಿಲಲ್ಲೇ ಯಾರೋ ಅಡಿಕೆ ಸಾಹುಕಾರರು ಕೊಟ್ಟ ಬೆಲೆಗಿಂತ ಎಂಟು ಸಾವಿರ ಜಾಸ್ತಿ ಕೊಡ್ತೀನಿ ಅಂದಿದ್ದರಂತೆ. ಹೆಂಡತಿ ಕಡೆ ತಿರುಗಿ ನೋಡಿ ಬೇಡ ಅಂದರಂತೆ.

ಲಾಲ್ ಬಹಾದೂರ್ ಶಾಸ್ತ್ರಿಯವರ ಕಾರಿನ ಕಥೆ ನೀವೂ ಕೇಳಿರಬಹುದು. ಪ್ರಧಾನಿಯಾದ ಮೇಲೆ, 1964ರ ಮಾಡೆಲ್ಲಿನ ಒಂದು ಫಿಯಟ್ ಕೊಂಡರು. ಬೆಲೆ ಹನ್ನೆರಡು ಸಾವಿರ, ಬ್ಯಾಂಕಿನಲ್ಲಿ ಇದ್ದದ್ದು ಏಳು ಸಾವಿರ. ಉಳಿದ ಐದು ಸಾವಿರ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ. 1966ರ ಜನವರಿಯಲ್ಲಿ ಅವರು ತಾಷ್ಕೆಂಟಿನಲ್ಲಿ ತೀರಿಕೊಂಡಾಗ ಸಾಲ ಬಾಕಿ ಇತ್ತು, ಲಲಿತಾ ಶಾಸ್ತ್ರಿಯವರು ಪಿಂಚಣಿಯಲ್ಲಿ ತೀರಿಸಿದರು. ಸಾಮಾನ್ಯವಾಗಿ ಇದನ್ನು ಪ್ರಾಮಾಣಿಕತೆಗೆ ಉದಾಹರಣೆಯಾಗಿ ಹೇಳ್ತಾರೆ. ನನಗೆ ಹೊಳೆದದ್ದು ಇನ್ನೊಂದು. ಶಾಸ್ತ್ರಿಗಳು ಕೊಂಡ ಫಿಯಟ್ 1100ಡಿಗೂ, ಹದಿನೈದು ವರ್ಷ ಕಳೆದು ನಮ್ಮ ಡಾಕ್ಟ್ರಿಗೆ ಸಿಕ್ಕ ಪದ್ಮಿನಿಗೂ ಮೂಲದಲ್ಲಿ ವ್ಯತ್ಯಾಸವೇ ಇಲ್ಲ. ಅದೇ ಇಂಜಿನ್ನು, ಸ್ಟೀರಿಂಗ್ ಪಕ್ಕದಲ್ಲಿ ಅದೇ ಗೇರ್ ಕಡ್ಡಿ, ನಾಲ್ಕೂ ಚಕ್ರಕ್ಕೆ ಅದೇ ಡ್ರಮ್ ಬ್ರೇಕು. 1100ಡಿ ಇಟಲಿಯಲ್ಲಿ 1962ರಲ್ಲಿ ಬಂದು 1966ರಲ್ಲಿ ನಿಂತೂ ಹೋಗಿತ್ತು. ಇಲ್ಲಿ 1964ರಲ್ಲಿ ಶುರುವಾಯಿತು. ಫಿಯಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಅಂತ ಹೆಸರು ಬದಲಾಯಿತು, 1974ರಲ್ಲಿ ಚಿತ್ತೂರಿನ ರಾಣಿಯ ಹೆಸರಿಟ್ಟುಕೊಂಡು ಪದ್ಮಿನಿ ಆಯಿತು. ಹೆಸರು ಬದಲಾಯಿತು, ಗ್ರಿಲ್ಲು ಬದಲಾಯಿತು. ಆದರೂ ಊರಲ್ಲಿ ಎಲ್ಲರ ಬಾಯಲ್ಲೂ "ಫೀಯಟ್ಟು" ಅಂತಲೇ ಉಳಿಯಿತು.

ಈಗ ಸ್ವಲ್ಪ ರಿಪೇರಿಗೆ ಬರ್ತೀನಿ.

ಟೆಂಪೋದಲ್ಲಿ ಹಾಕಿಕೊಂಡು ತುಮಕೂರಿಗೆ ತಂದದ್ದಾಯಿತು. ಮೊದಲು ಹೋದ ಎರಡು ಗ್ಯಾರೇಜಿನವರು ಬಾನೆಟ್ ತೆಗೆಯುವ ಮುಂಚೆಯೇ ಕೈಮುಗಿದರು. "ಸ್ಕ್ಯಾನರ್ ಹಾಕೋಕೆ ಪೋರ್ಟೇ ಇಲ್ವಲ್ಲ" ಅಂದ ಒಬ್ಬ ಹುಡುಗ, ತಮಾಷೆಗಲ್ಲ. ಮೂರನೆಯದಾಗಿ ಸಿಕ್ಕವರು ಬಸ್‌ಸ್ಟ್ಯಾಂಡ್ ಹಿಂದೆ ಗುಡಾರದಂಥ ಶೆಡ್ಡಿನಲ್ಲಿದ್ದ ಎಪ್ಪತ್ತು ದಾಟಿದ ಸಾಬ್ರು. ಮುಂಚೆ ಫಿಯಟ್, ಅಂಬಾಸಿಡರ್ ಬಿಟ್ಟು ಬೇರೆ ಮುಟ್ಟದವರು, ಆಗ ಆಟೋ ರಿಪೇರಿ ಮಾಡಿಕೊಂಡಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದು, ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ, "ಮಜೂರಿ ನಾಲ್ಕು ಸಾವಿರ ಕೊಡ್ರಪ್ಪಾ, ಆದಾಗ ಕೊಡಿ. ಕೆಲಸ ನೀವೇ ಮಾಡ್ಬೇಕು, ನನ್ ಸೊಂಟ ಬಗ್ಗಲ್ಲ, ನಾನು ಹೇಳ್ತೀನಿ" ಅಂದರು. ಪ್ರತಿ ಭಾನುವಾರ, ಹದಿನಾಲ್ಕು ತಿಂಗಳು. ನಮ್ಮ ಮೂವರಲ್ಲಿ ಇಬ್ಬರು ಕಂಪ್ಯೂಟರ್ ಸೈನ್ಸು, ಒಬ್ಬ ಮೆಕ್ಯಾನಿಕಲ್ಲು. ಮೊದಲ ದಿನ ಸ್ಪಾನರ್ ಉಲ್ಟಾ ಹಿಡಿದವನು ಮೆಕ್ಯಾನಿಕಲ್ಲಿನವನೇ.

ಇಂಜಿನ್ ಬಿಚ್ಚಿದಾಗ ಸಾಬ್ರು ಸಿಲಿಂಡರಿನ ಅಳತೆ ತೆಗೆಸಿದರು. ವ್ಯಾಸ 68 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 75. ಸಿಲಿಂಡರು ನಾಲ್ಕು. ಗುಣಿಸಿ ನೋಡಿ, 1089 ಸಿಸಿ ಬರುತ್ತೆ. ಪುಸ್ತಕದಲ್ಲಿ ಬರೆದದ್ದು ಗ್ರೀಸ್ ಮೆತ್ತಿದ ಕೈಯಲ್ಲಿ ಹೊಂದಿ ಬಂದಾಗ ಆದ ಖುಷಿಯೇ ಬೇರೆ. ಇಷ್ಟು ದೊಡ್ಡ ಇಂಜಿನ್ನಿನಿಂದ ಬರೋದು ಸುಮಾರು 40 ಅಶ್ವಶಕ್ತಿ. ಕ್ಲಾಸ್‌ಮೇಟ್ ಒಬ್ಬನ 373 ಸಿಸಿಯ ಡ್ಯೂಕ್ ಬೈಕಿಗೆ ಇದಕ್ಕಿಂತ ಜಾಸ್ತಿ ಶಕ್ತಿ ಇತ್ತು. ಆದರೆ ಕಂಪ್ರೆಷನ್ ಬರೀ 7.3ಕ್ಕೆ 1, ಹಾಗಾಗಿ ಎಂಥಾ ಪೆಟ್ರೋಲು ಹಾಕಿದರೂ ಗೊಣಗದೆ ಕುಡಿಯುತ್ತೆ. ಅವತ್ತಿನ ನಮ್ಮ ಪೆಟ್ರೋಲಿಗೆ, ರಸ್ತೆಗೆ, ಡ್ರೈವರಿಗೆ ತಡೆಯೋ ಹಾಗಿದ್ದ ಇಂಜಿನ್ನು.

ಬಾನೆಟ್ಟಿನ ಒಳಗೆ ತುಕ್ಕು ಕೆರೆದಾಗ ಒಂದು ತಗಡಿನ ಪಟ್ಟಿ ಸಿಕ್ಕಿತು. ಪ್ರೀಮಿಯರ್ ಆಟೋಮೊಬೈಲ್ಸ್, ಬಾಂಬೆ ಅಂತ. ಆ ಹೆಸರಿನ ಬೆನ್ನುಹತ್ತಿ ಹೋದಾಗ ಸಿಕ್ಕವರು ಯಾರು ಗೊತ್ತಾ? ಕರ್ನಾಟಕದ ಪ್ರತಿ ಇಂಜಿನಿಯರಿಂಗ್ ಕಾಲೇಜಿನ ಗೋಡೆಯ ಮೇಲಿರುವ, ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕಿ, ಭಾಷಣ ಕೇಳಿ, ಮೈಸೂರುಪಾಕು ತಿಂದು ಮರೆತುಬಿಡುವ ಮೈಸೂರು ಪೇಟದ ಅದೇ ವಿಶ್ವೇಶ್ವರಯ್ಯನವರು!

ಕೆ.ಆರ್.ಎಸ್., ಭದ್ರಾವತಿ ಕಾರ್ಖಾನೆ ಎಲ್ಲರಿಗೂ ಗೊತ್ತು. ಕಾರಿನ ವಿಷಯ ನನಗಂತೂ ಯಾವ ಮೇಷ್ಟ್ರೂ ಹೇಳಿರಲಿಲ್ಲ. ದಿವಾನಗಿರಿ ಬಿಟ್ಟು ಹದಿನೇಳು ವರ್ಷವಾದ ಮೇಲೆ, 1935ರಲ್ಲಿ, ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲೇ ಕಾರು ತಯಾರಿಸುವ ಪೂರ್ತಿ ಯೋಜನೆ ಬರೆದರು. ಅದನ್ನು ಹಿಡಿದುಕೊಂಡು ಓಡಾಡಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬೊಂಬಾಯಿ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ನಿಂತಿತ್ತು, ಆದರೆ ಯುದ್ಧ ಶುರುವಾಗಿ 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಮೇಲೆ ನಮ್ಮ ಮೈಸೂರು ಸಂಸ್ಥಾನ ಕೈಜೋಡಿಸಲು ಮುಂದೆ ಬಂತು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಅಮೆರಿಕದ ಕ್ರೈಸ್ಲರ್ ಕಂಪನಿ ಜೊತೆ ಒಪ್ಪಂದದ ಮಾತೂ ಆಗಿತ್ತು. ಆದರೆ ಬ್ರಿಟಿಷರ ಭಾರತ ಸರ್ಕಾರ ಒಪ್ಪಲಿಲ್ಲ. ಯುದ್ಧದ ಹೊತ್ತಿನಲ್ಲಿ ಕಾರು ಕಾರ್ಖಾನೆ ಬೇಕಿಲ್ಲ ಅಂತ.

ವಾಲ್‌ಚಂದ್ ಸುಮ್ಮನೆ ಕೂರುವ ಆಸಾಮಿಯಲ್ಲ. ಕಾರಿಗೆ ಒಪ್ಪದಿದ್ದರೆ ವಿಮಾನಕ್ಕೆ ಒಪ್ಪುತ್ತಾರೆ, ಯುದ್ಧಕ್ಕೆ ಬೇಕಲ್ಲ! 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಇವತ್ತಿನ ಎಚ್.ಎ.ಎಲ್. ಅದೇ. ಕಾರು ಕಂಪನಿ ರಿಜಿಸ್ಟರ್ ಆಗಲು 1944ರವರೆಗೆ ಕಾಯಬೇಕಾಯಿತು, ಅದೂ ಬೊಂಬಾಯಿಯಲ್ಲಿ. ಕುರ್ಲಾದ ಕಾರ್ಖಾನೆಯಿಂದ ಡಾಡ್ಜ್, ಪ್ಲಿಮತ್ ಗಾಡಿಗಳು ಹೊರಬರಲು ಶುರುವಾದದ್ದು 1947ರಲ್ಲಿ. ಫಿಯಟ್ ಜೊತೆ ಸಂಬಂಧ ಬೆಳೆದದ್ದು ಅದರ ಮುಂದಿನ ದಶಕದಲ್ಲಿ. ಅಂದರೆ ಮೈಸೂರು ಸೀಮೆಗೆ ಸಿಗಬಹುದಾಗಿದ್ದ ಕಾರ್ಖಾನೆ ಕೈತಪ್ಪಿ ಅದರ ಬದಲು ವಿಮಾನದ ಕಾರ್ಖಾನೆ ಬಂತು. ನಷ್ಟವೋ ಲಾಭವೋ ನೀವೇ ಹೇಳಿ. ಬೆಂಗಳೂರು ಬೆಂಗಳೂರಾಗಿದ್ದರಲ್ಲಿ ಎಚ್.ಎ.ಎಲ್. ಪಾತ್ರ ನೋಡಿದರೆ ನಾನಂತೂ ದೂರಲ್ಲ. ಆದರೆ ಆ ಭಾನುವಾರ ಸಾಬ್ರ ಶೆಡ್ಡಿನಲ್ಲಿ ತಗಡಿನ ಪಟ್ಟಿ ಒರೆಸುವಾಗ ಕೈ ಸ್ವಲ್ಪ ನಿಧಾನವಾಯಿತು.

ಬಿಡಿಭಾಗಕ್ಕೆ ನಮ್ಮ ಯಾತ್ರಾಸ್ಥಳ ಬೆಂಗಳೂರಿನ ಜೆ.ಸಿ. ರೋಡು, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. 37 ವರ್ಷದ ಗಾಡಿ, ಕಾರ್ಖಾನೆ ಬಾಗಿಲು ಹಾಕಿ ಹದಿನೈದು ವರ್ಷದ ಮೇಲಾಗಿದೆ, ಏನೂ ಸಿಗಲ್ಲ ಅಂತಲೇ ಹೋಗಿದ್ದೆವು. ಅಂಗಡಿಯವರು ಕೂತಲ್ಲಿಂದ ಏಳದೆ, ತಲೆ ಮೇಲಿನ ಗೂಡಿಗೆ ಕೈಹಾಕಿ ಪಾಯಿಂಟ್ ಸೆಟ್, ಕಂಡೆನ್ಸರ್, ವೀಲ್ ಸಿಲಿಂಡರ್ ಕಿಟ್ ಒಂದೊಂದಾಗಿ ಇಳಿಸಿದರು. ಪಾಯಿಂಟು, ಕಂಡೆನ್ಸರು, ಪ್ಲಗ್ಗು, ವೈರು ಎಲ್ಲ ಸೇರಿ ಏಳುನೂರು ರೂಪಾಯಿ! ಅದೇ ವರ್ಷ ನಮ್ಮ ಚಿಕ್ಕಪ್ಪನ ಆರು ವರ್ಷದ ಕಾರಿನ ಒಂದು ಕಂಪ್ಯೂಟರ್ ಡಬ್ಬಿ ಹೋಗಿ ಇಪ್ಪತ್ತೆಂಟು ಸಾವಿರ ಕಕ್ಕಿದ್ದರು.

ಯಾಕೆ ಹೀಗೆ? ಇಲ್ಲೇ ನನಗೆ ಇಡೀ ಕಥೆಯ ಗಂಟು ಬಿಚ್ಚಿಕೊಂಡದ್ದು. ಡಾಕ್ಟ್ರನ್ನು ಆರು ವರ್ಷ ಕಾಯಿಸಿತಲ್ಲ, ಅದೇ ವ್ಯವಸ್ಥೆ ನಮಗೆ ಏಳುನೂರು ರೂಪಾಯಿಗೆ ಇಷ್ಟನ್ನೂ ಕೊಟ್ಟಿತು. ಸ್ಪರ್ಧೆ ಇಲ್ಲ, ಹಾಗಾಗಿ ಮಾಡೆಲ್ ಬದಲಾಯಿಸುವ ದರ್ದಿಲ್ಲ. 1964ರಿಂದ 2000ದ ಹೊತ್ತಿನವರೆಗೆ ಹೆಚ್ಚುಕಮ್ಮಿ ಒಂದೇ ಗಾಡಿ. ಮೂವತ್ತೈದು ವರ್ಷ ಒಂದೇ ಅಳತೆ ಅಂದರೆ ಅದರ ಬಿಡಿಭಾಗ ಮಾಡಲು ಯಾರು ಬೇಕಾದರೂ ಧೈರ್ಯವಾಗಿ ಅಚ್ಚು ಮಾಡಿಸಬಹುದು. ಹೊರಗಿನಿಂದ ತರಿಸಬೇಡಿ, ಇಲ್ಲೇ ಮಾಡಿ ಅಂತ ಸರ್ಕಾರ ವರ್ಷವರ್ಷವೂ ಕಂಪನಿಗಳ ಕಿವಿ ಹಿಂಡುತ್ತಿತ್ತು. 1960ರ ದಶಕದಲ್ಲಿ ಹಲವು ಬಿಡಿಭಾಗಗಳನ್ನು ಸಣ್ಣ ಕೈಗಾರಿಕೆಗಳಿಗೇ ಮೀಸಲಿಟ್ಟಿತು. ಮದ್ರಾಸಿನಲ್ಲಿ ಲ್ಯೂಕಾಸ್ ಟಿವಿಎಸ್, ನಮ್ಮ ಆಡುಗೋಡಿಯಲ್ಲಿ ಮೈಕೋ ಬೆಳೆದದ್ದು ಈ ಕಾಲದಲ್ಲೇ. ನಮ್ಮ ಡಬ್ಬಿಯಲ್ಲಿದ್ದ ಹಳೇ ಸ್ಪಾರ್ಕ್ ಪ್ಲಗ್ಗಿನ ಮೇಲೆ ಮೈಕೋ ಅಂತಲೇ ಇತ್ತು. ಇನ್ನು ಹೊಸ ಕಾರು ಸಿಗುವ ಭರವಸೆ ಇಲ್ಲದ ಜನ ಇದ್ದ ಕಾರನ್ನೇ ಇಪ್ಪತ್ತು ಮೂವತ್ತು ವರ್ಷ ಓಡಿಸಲೇಬೇಕು. ಅದಕ್ಕಾಗಿ ಪ್ರತಿ ಊರಿನಲ್ಲೂ ಒಬ್ಬ ಸಾಬ್ರು ಹುಟ್ಟಿಕೊಂಡರು.

ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ಹಳಹಳಿಸುವವರ ಜೊತೆ ನಾನಿಲ್ಲ. ಮಳೆಗಾಲದಲ್ಲಿ ಹೆರಿಗೆ ನೋವಿನ ಹೆಂಗಸನ್ನು ತಿಪಟೂರಿಗೆ ಸಾಗಿಸಲು ಎತ್ತಿನಗಾಡಿ ಹುಡುಕಿದ್ದನ್ನು ಡಾಕ್ಟ್ರು ಒಮ್ಮೆ ಹೇಳಿದ್ದರು. 1973ಕ್ಕೂ 1979ಕ್ಕೂ ನಡುವೆ. ಒಂದು ಸಲ ಹೊತ್ತಿಗೆ ತಲುಪಲಾಗಲಿಲ್ಲ. ಅದರ ಮೇಲೆ ಅವರು ಮಾತು ಮುಂದುವರಿಸಲಿಲ್ಲ, ನಾನೂ ಕೇಳಲಿಲ್ಲ. ಏಳುನೂರು ರೂಪಾಯಿಯ ಲೆಕ್ಕ ಹೇಳುವಾಗೆಲ್ಲ ನನಗೆ ಆ ಎತ್ತಿನಗಾಡಿ ನೆನಪಾಗುತ್ತೆ.

ಅಪ್‌ಗ್ರೇಡ್ ಅಂತ ನಾವು ಮಾಡಿದ್ದು ಎರಡೇ ಎರಡು. ಹಳೇ ಪದ್ಮಿನಿಯಲ್ಲಿ ಬ್ಯಾಟರಿ ಚಾರ್ಜ್ ಮಾಡೋದು ಡೈನಮೋ. ಇಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋದಿಂದ ಕರೆಂಟೇ ಬರಲ್ಲ. ರಾತ್ರಿ ಸಿಗ್ನಲ್ಲಿನಲ್ಲಿ ನಿಂತರೆ ಹೆಡ್‌ಲೈಟು ಮಂಕಾಗಿ ಎಣ್ಣೆದೀಪ. ಗುಜರಿಯಲ್ಲಿ ಸಾವಿರದೈನೂರಕ್ಕೆ ಮಾರುತಿ ವ್ಯಾನಿನ ಆಲ್ಟರ್ನೇಟರ್ ಸಿಕ್ಕಿತು. ಅದನ್ನು ಕೂರಿಸಲು ಕಬ್ಬಿಣದ ಪಟ್ಟಿಯಲ್ಲಿ ಬ್ರಾಕೆಟ್ ಮಾಡಿಸಿದ್ದಕ್ಕೆ ಮುನ್ನೂರು. ಪುಲ್ಲಿ ಒಂದೇ ನೇರಕ್ಕೆ ಬರದೆ ಮೂರು ಭಾನುವಾರ ಬೆಲ್ಟು ಹರಿಯಿತು, ಕೊನೆಗೆ ಸಾಬ್ರು ಎರಡು ವಾಷರ್ ಇಟ್ಟು ಸರಿಮಾಡಿದರು. (ಮೆಕ್ಯಾನಿಕಲ್ಲಿನವನು ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಬರೀತಿದ್ದ.) ಎರಡನೆಯದು ಹೆಡ್‌ಲೈಟು. ಏಳಿಂಚಿನ ದುಂಡು ದೀಪ. ಜೀಪಿನದು, ಬುಲೆಟ್ಟಿನದು ಅದೇ ಅಳತೆ. ಜೀಪಿನ ಹ್ಯಾಲೋಜನ್ ದೀಪ ತಂದು ರಿಲೇ ಹಾಕಿ ಕೂರಿಸಿದೆವು. ಎ.ಸಿ., ಮ್ಯೂಸಿಕ್ ಸಿಸ್ಟಂ ಆಸೆ ಎಲ್ಲ ಟಯರಿನ ಬೆಲೆ ಕೇಳಿದ ದಿನವೇ ಸತ್ತಿತು. ಟಯರಿಗೇ ಒಂಬತ್ತು ಸಾವಿರದ ಆರುನೂರು, ಟಿಂಕರಿಂಗ್ ಪೇಂಟಿಗೆ ಏಳು ಸಾವಿರ, ಬ್ಯಾಟರಿ, ಬ್ರೇಕು, ರೇಡಿಯೇಟರು, ಸಾಬ್ರ ಮಜೂರಿ ಎಲ್ಲ ಸೇರಿ ಮೂವತ್ತು ಸಾವಿರದ ಎಂಟುನೂರು. ಕಾರಿಗಿಂತ ಜಾಸ್ತಿ ಆಯಿತು ಅಂತ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ, ಈಗ ಓದಿದರೆ ಗೊತ್ತಾಗುತ್ತೆ :-)

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಢಮಾರ್ ಅಂತ ಸೈಲೆನ್ಸರಿನಲ್ಲಿ ಬೆಂಕಿ ಬಂತು. ಪ್ಲಗ್ಗಿನ ವೈರುಗಳನ್ನು ನಾನು ಒಂದು ಎರಡು ಮೂರು ನಾಲ್ಕು ಅಂತ ಶಿಸ್ತಾಗಿ ಜೋಡಿಸಿದ್ದೆ. ಇರಬೇಕಾದ್ದು 1-3-4-2. ಸಾಬ್ರು ಹಣೆ ಚಚ್ಚಿಕೊಂಡರು. "ಕಂಪ್ಯೂಟರ್ ಓದೋರಿಗೆ ಎಣಿಸೋದು ಒಂದೇ ಥರ ಬರ್ತದಾ?"

2017ರ ಅಕ್ಟೋಬರಿನಲ್ಲಿ ಆರ್.ಟಿ.ಒ. ತಪಾಸಣೆ. ಇದರಲ್ಲಿ ಫೇಲಾದರೆ ಡಾಕ್ಟ್ರಿಗೆ ಕೊಟ್ಟ ಮಾತು ಹೋಯಿತು, ಮೂವರ ಎರಡು ವರ್ಷದ ಉಳಿತಾಯವೂ ಹೋಯಿತು. ಬ್ರೇಕ್ ಟೆಸ್ಟಿನಲ್ಲಿ ಗಾಡಿ ಎಡಕ್ಕೆ ಎಳೆಯಿತು. ಇನ್ಸ್‌ಪೆಕ್ಟರು ತಲೆ ಅಲ್ಲಾಡಿಸಿ "ವಾರ ಬಿಟ್ಟು ಬನ್ನಿ" ಅಂದರು. ಹಾಸ್ಟೆಲಿಗೆ ಹೋಗದೆ ಸೀದಾ ಶೆಡ್ಡಿಗೆ ಹೋಗಿ ರಾತ್ರಿ ಹನ್ನೊಂದರವರೆಗೆ ಮುಂದಿನ ಎರಡೂ ಡ್ರಮ್ ಬಿಚ್ಚಿ ಲೈನರ್ ಉಜ್ಜಿದೆವು. ಬಲಗಡೆಯ ಸಿಲಿಂಡರಿನ ರಬ್ಬರು ಸೋರುತ್ತಿತ್ತು. ವಾರದ ನಂತರ ಗಾಡಿ ನೇರವಾಗಿ ನಿಂತಿತು. ಶುಲ್ಕ ಆರುನೂರು, ತಡವಾದದ್ದಕ್ಕೆ ದಂಡ ಬೇರೆ. 2022ರವರೆಗೆ ಸಹಿ ಬಿತ್ತು.

ಅದೇ ಭಾನುವಾರ ಸಾಬ್ರನ್ನೂ ಕೂರಿಸಿಕೊಂಡು ತಿಪಟೂರಿನ ದಾರಿ ಹಿಡಿದೆವು. ಗುಬ್ಬಿ ದಾಟಿದ ಮೇಲೆ ಬಿಸಿಲಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಇಂಜಿನ್ ನಿಂತಿತು. ಸಾಬ್ರು ತಮ್ಮ ಟವಲ್ ಒದ್ದೆ ಮಾಡಿ ಪಂಪಿಗೆ ಸುತ್ತಿ, ಹತ್ತು ನಿಮಿಷ ಬೀಡಿ ಸೇದಿ, "ಈಗ ಹೊಡೀರಿ" ಅಂದರು. ಹೊಡೆಯಿತು. ಡಾಕ್ಟ್ರು ಗೇಟಿನಲ್ಲೇ ನಿಂತಿದ್ದರು. ಮಾತಾಡದೆ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಎಂಬತ್ತರ ಕೈ ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ನೋಡದೆಯೇ ಮೊದಲನೇ ಗೇರಿಗೆ ಹಾಕಿತು. ಊರು ಸುತ್ತಿ ಬಂದರು. ಸರ್ಕಾರಿ ಆಸ್ಪತ್ರೆ ಮುಂದೆ ಒಂದು ನಿಮಿಷ ನಿಲ್ಲಿಸಿದರು.

ಪದ್ಮಿನಿಯ ಕಡೆಗಾಲ ಬೇಗ ಹೇಳಿ ಮುಗಿಸ್ತೀನಿ. 1983ರಲ್ಲಿ ಮಾರುತಿ 800 ಬಂತು, ಕಾಯುವ ಕ್ಯೂ ಆ ಕಡೆ ತಿರುಗಿತು. ಪ್ರೀಮಿಯರ್‌ನವರು 1985ರಲ್ಲಿ 118 ಎನ್.ಇ. ತಂದರು, ಆಮೇಲೆ ಪ್ಯೂಜೋ, ಫಿಯಟ್ ಊನೋ ಅಂತ ಕೈಹಾಕಿದರು, ಯಾವುದೂ ದಡ ಸೇರಲಿಲ್ಲ. ಪದ್ಮಿನಿ ಉಳಿದದ್ದು ಮುಂಬೈ ಟ್ಯಾಕ್ಸಿಯಾಗಿ. ಸಾವಿರಾರು ಕಪ್ಪು ಹಳದಿ ಟ್ಯಾಕ್ಸಿಗಳು ದಿನವೂ ಓಡುತ್ತಿದ್ದದ್ದರಿಂದಲೇ ಯಾರೋ ಎಲ್ಲೋ ಅದರ ರಬ್ಬರು, ಲೈನರು ಮಾಡುತ್ತಲೇ ಇದ್ದರು, ಜೆ.ಸಿ. ರೋಡಿನ ಗೂಡು ತುಂಬಿರುತ್ತಿತ್ತು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರ್ 29ಕ್ಕೆ. 2023ರ ಅಕ್ಟೋಬರ್ 30ರಿಂದ ಮುಂಬೈ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಅದಾದ ಮೇಲೆ ನಾನು ವೀಲ್ ಸಿಲಿಂಡರ್ ಕಿಟ್ ಕೇಳಲು ಹೋದಾಗ ಅಂಗಡಿಯವರು ಮೊದಲ ಸಲ ಕುರ್ಚಿ ಬಿಟ್ಟು ಎದ್ದರು. ಎಲ್ಲ ಗೂಡು ತಡಕಿ, "ಎರಡೇ ಇದೆ ಸಾರ್, ಎರಡೂ ತಗೊಂಡ್ಬಿಡಿ" ಅಂದರು. ತಗೊಂಡೆ.

ಸಾಬ್ರು 2020ರಲ್ಲಿ ತೀರಿಕೊಂಡರು. ಶೆಡ್ಡಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಬುಷ್ಷು, ಪಿನ್ನು ಬೇಕಾದಾಗ ನಾನು ಹಳೇದರ ಅಳತೆ ತೆಗೆದು ಪೀಣ್ಯದಲ್ಲಿ ಒಬ್ಬರ ಹತ್ತಿರ ಲೇತಿನಲ್ಲಿ ಮಾಡಿಸ್ತೀನಿ. ಎಲ್ಲ ಅಳತೆಗಳನ್ನೂ ಒಂದು ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದೀನಿ, ಪದ್ಮಿನಿ ಇದ್ದವರು ಕೇಳಿದರೆ ಕಳಿಸ್ತೀನಿ.

ಶುಲ್ಕದ ಕಥೆ ಬೇರೆ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನವೀಕರಣ ಆರುನೂರರಿಂದ ಐದು ಸಾವಿರಕ್ಕೆ ಹಾರಿತು. ಹಳೇ ಗಾಡಿಗಳು ಗುಜರಿಗೆ ಹೋಗಲಿ ಅಂತ. ಹೊಗೆಯ ದೃಷ್ಟಿಯಿಂದ ಸರಿಯೇ, ನಮ್ಮ ಕಾರ್ಬೊರೇಟರನ್ನು ನಾನು ಸಮರ್ಥಿಸಲ್ಲ. ಆ ವರ್ಷ ಮೂವರೂ ಫೋನಿನಲ್ಲಿ ಒಂದು ಗಂಟೆ ಜಗಳವಾಡಿದೆವು. ಕೊಟ್ಟುಬಿಡೋಣ ಅಂದವನೇ ಕೊನೆಗೆ ಐದು ಸಾವಿರವನ್ನೂ ಕಟ್ಟಿದ. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು ಹತ್ತು ಸಾವಿರವಾಯಿತು. ನಮ್ಮ ಮುಂದಿನ ಸರದಿ 2027ರ ಅಕ್ಟೋಬರಿನಲ್ಲಿ. ಡಾಕ್ಟ್ರ ರಸೀದಿ ಲ್ಯಾಮಿನೇಟ್ ಆಗಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ, ತಲಾ 3,333 ರೂಪಾಯಿ ಅಂತ ಬರೆದ ಚೀಟಿಯೂ ಅದರ ಪಕ್ಕದಲ್ಲೇ ಇದೆ. ಟೊರಾಂಟೊದಲ್ಲಿರುವ ಮೆಕ್ಯಾನಿಕಲ್ಲಿನವನ ಹತ್ತಿರ ಹಳೇ ಆಲ್ಟರ್ನೇಟರಿನ ಐನೂರು ಇನ್ನೂ ಬಾಕಿ.